ಮೋಟಾರು ಕಾರಿನ ಉಷ್ಣಮಾಪಕವನ್ನು ನಂಬಬಹುದೆ?

ವೈಶಾಖದ ಒಂದು ಮಧ್ಯಾಹ್ನ ಕಾರೊಂದು ಗುಂಡ್ಯದಿಂದ ಸಕಲೇಶಪುರದ ಕಡೆಗೆ ಶಿರಾಡಿ ಘಾಟಿಯನ್ನು ಏರುತ್ತಿದೆಯೆಂದು ಭಾವಿಸೋಣ. ಮುಂದೆ ಲಾರಿಗಳ ಸಾಲು. ಕಾರಿನದು ಆಮೆಯ ನಡಿಗೆ. ತಂಪುಗಾಳಿ ಬೀಸುತ್ತಿದ್ದ ಹವಾನಿಯಂತ್ರಕ ಇದ್ದಕ್ಕಿದ್ದಂತೆ ಬೆಚ್ಚನೆಯ ಗಾಳಿಯನ್ನು ಊದತೊಡಗುತ್ತದೆ. ಅದೇ ಹೊತ್ತಿಗೆ ಎಂಜಿನ್ನಿನ ಉಷ್ಣತೆಯನ್ನು ತೋರುವ ಮುಳ್ಳು ಕೆಂಪು ಗೆರೆಯನ್ನು ಮುಟ್ಟುತ್ತದೆ. ಮಾಪಕವೇ ಕೆಟ್ಟಿದೆಯೆಂದು ಬಗೆದು ಚಾಲಕನು ಮುಂದುವರಿಯಬಹುದೆ? ಮುಳ್ಳು ನಿಜವನ್ನೇ ಹೇಳುತ್ತಿದ್ದ ಪಕ್ಷದಲ್ಲಿ ಅಲ್ಯೂಮಿನಿಯಮ್ಮಿನ ಸಿಲಿಂಡರ್ ಹೆಡ್ ಸೊಟ್ಟಗಾಗಿ ಎಂಜಿನ್ನೇ ಹಾಳಾದೀತು. ಮುಳ್ಳು ಸುಳ್ಳಾಡುತ್ತಿದ್ದರೆ ಕೆಟ್ಟಿರುವುದು ಹೆಬ್ಬೆರಳಿನಷ್ಟು ದೊಡ್ಡ ಒಂದು ಬಿಡಿಭಾಗ ಮಾತ್ರ. ಈ ಎರಡನ್ನು ಬೇರ್ಪಡಿಸಿ ತಿಳಿಯಲು ಮುಳ್ಳನ್ನು ಆಡಿಸುವುದು ಯಾವುದೆಂಬುದನ್ನು ಮೊದಲು ನೋಡಬೇಕು.

ಮುಳ್ಳು ಅಳೆಯುವುದು ಉಷ್ಣತೆಯನ್ನಲ್ಲ, ವಿದ್ಯುತ್ತಿನ ರೋಧವನ್ನು. ಎಂಜಿನ್ನಿನ ಸುತ್ತ ಹರಿಯುವ ತಂಪುದ್ರವದಲ್ಲಿ ಥರ್ಮಿಸ್ಟರ್ ಎಂಬ ಪುಟ್ಟ ಸಂವೇದಕವೊಂದು ಮುಳುಗಿರುತ್ತದೆ. ಸಾಮಾನ್ಯ ಲೋಹಗಳು ಬಿಸಿಯಾದಂತೆ ಅವುಗಳ ರೋಧ ಹೆಚ್ಚುತ್ತದೆಯಷ್ಟೆ. ಥರ್ಮಿಸ್ಟರಿನ ಸ್ವಭಾವ ಇದಕ್ಕೆ ವಿರುದ್ಧ. ಇಂತಹ ವಿಪರೀತ ಗುಣವನ್ನು ಮೈಕೇಲ್ ಫ್ಯಾರಡೆ 1833ರಷ್ಟು ಹಿಂದೆಯೇ ಬೆಳ್ಳಿಯ ಸಲ್ಫೈಡಿನಲ್ಲಿ ಗುರುತಿಸಿದ್ದನು. ಕಾರುಗಳಲ್ಲಿ ಬಳಕೆಯಲ್ಲಿರುವ ಒಂದು ಬಗೆಯ ಸಂವೇದಕದ ರೋಧ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2,500 ಓಮ್ ಇದ್ದು, 100 ಡಿಗ್ರಿಯಲ್ಲಿ 190 ಓಮ್‌ಗಳ ಆಸುಪಾಸಿಗೆ ಇಳಿಯುತ್ತದೆ. ರೋಧ ಕಡಮೆಯಾದರೆ ಮುಳ್ಳು ಬಿಸಿಯ ಕಡೆಗೆ, ಹೆಚ್ಚಾದರೆ ತಂಪಿನ ಕಡೆಗೆ ವಾಲುವಂತೆ ಮಂಡಲವನ್ನು ಹೊಂದಿಸಿರುತ್ತಾರೆ.

ಮಾಪಕದ ಸುಳ್ಳುಗಳೆಲ್ಲವೂ ಹುಟ್ಟುವುದು ಇಲ್ಲಿಯೇ. ತಂತಿ ತುಂಡಾಯಿತೆನ್ನಿ, ರೋಧ ಅನಂತವಾಗಿ, ಕುದಿಯುವ ಎಂಜಿನ್ನೂ ತಣ್ಣಗಿರುವಂತೆ ತೋರುತ್ತದೆ. ತಂತಿಯ ಹೊದಿಕೆ ಸವೆದು ಕಾರಿನ ಲೋಹದ ಮೈಗೆ ತಗುಲಿದರೆ ರೋಧ ಸೊನ್ನೆಯಾಗಿ ಮುಳ್ಳು ಕೆಂಪಿಗೆ ಹಾರುತ್ತದೆ. ಇಡೀ ರಾತ್ರಿ ನಿಂತಿದ್ದ ಕಾರಿಗೆ ಬೆಳಗ್ಗೆ ಕೀಲಿ ತಿರುಗಿಸಿದೊಡನೆ ಮುಳ್ಳು ಕೆಂಪನ್ನು ತೋರಿದರೆ ಸಂಶಯವೇ ಬೇಡ. ಉರಿಯದ ಎಂಜಿನ್ನಿಗೆ ಬಿಸಿಯೆಲ್ಲಿಯದು? ಒಂಟಿ ತಂತಿಯ ಸಂವೇದಕವುಳ್ಳ ಹಳೆಯ ಕಾರುಗಳಲ್ಲಿ ಮೆಕ್ಯಾನಿಕ್‌ಗಳು ತಂತಿಯನ್ನು ಬಿಚ್ಚಿ, ಎಂಜಿನ್ನಿನ ಲೋಹಕ್ಕೆ ಒಂದು ಕ್ಷಣ ಮುಟ್ಟಿಸಿ ನೋಡುತ್ತಿದ್ದರು. ಮುಳ್ಳು ತಂಪಿನ ತುದಿಯಿಂದ ಬಿಸಿಯ ಕಡೆಗೆ ಚಲಿಸಿದರೆ ಮಾಪಕವೂ ತಂತಿಯೂ ಸರಿಯಾಗಿವೆ, ದೋಷ ಸಂವೇದಕದ್ದು ಎಂದರ್ಥ. ಈಗಿನ ಕಾರುಗಳಲ್ಲಿ ನಡುವೆ ಗಣಕವಿರುವುದರಿಂದ ಈ ಸಾಹಸ ಸಲ್ಲದು. ಆ ಗಣಕದ್ದು ಇನ್ನೊಂದು ಉಪಚಾರವೂ ಉಂಟು: ಉಷ್ಣತೆ ಹಲವಾರು ಡಿಗ್ರಿ ಏರಿಳಿದರೂ ಅನೇಕ ಕಾರುಗಳಲ್ಲಿ ಅದು ಮುಳ್ಳನ್ನು ನಟ್ಟನಡುವೆಯೇ ನಿಲ್ಲಿಸಿರುತ್ತದೆ. ಚಾಲಕನಿಗೆ ಗಾಬರಿಯಾಗದಿರಲೆಂಬುದು ಉದ್ದೇಶ. ನಮಗಂತೂ ಇದು ಒಳ್ಳೆಯ ಏರ್ಪಾಡೆಂದು ತೋರುವುದಿಲ್ಲ.

ಇನ್ನು ಹವಾನಿಯಂತ್ರಕದ ಮಾತು. ಇದರಲ್ಲಿ ಸುತ್ತುವ ದ್ರವ, ಅನೇಕ ಕಾರುಗಳಲ್ಲಿ ಆರ್-134ಎ ಎಂಬುದು, ಸಾಮಾನ್ಯ ವಾಯುಭಾರದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಕಾರಿನೊಳಗಣ ಶಾಖವನ್ನು ಹೀರಿ ಅದು ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತುತ್ತದೆ. ಕಂಡೆನ್ಸರಿನಲ್ಲಿ ಅದು ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಈ ಕಂಡೆನ್ಸರನ್ನು ಕೂರಿಸಿರುವುದು ರೇಡಿಯೇಟರಿನ ಮುಂಭಾಗದಲ್ಲಿ. ಸಾಮಾನ್ಯವಾಗಿ ಎರಡಕ್ಕೂ ಗಾಳಿ ಎಳೆಯುವುದು ಒಂದೇ ಫ್ಯಾನು. ಫ್ಯಾನು ನಿಂತರೆ, ವೇಗವಾಗಿ ಓಡುವ ಕಾರಿಗೆ ಎದುರುಗಾಳಿಯೇ ಸಾಕಾದೀತು. ನಿಂತ ಕಾರಿನಲ್ಲಿ ಎಂಜಿನ್ನೂ ಬೇಯುತ್ತದೆ, ತಂಪುಗಾಳಿಯೂ ಹೋಗುತ್ತದೆ. ಓಡುವಾಗ ಎಲ್ಲವೂ ಸರಿ, ದೀಪದ ಬಳಿ ನಿಂತೊಡನೆ ತೊಂದರೆ ಎನ್ನುವವರು ಮೊದಲು ಫ್ಯಾನನ್ನು ನೋಡಬೇಕು.

ಆದರೆ ಫ್ಯಾನು ಸರಿಯಿದ್ದಾಗಲೂ ಎರಡು ತೊಂದರೆಗಳೂ ಒಟ್ಟಿಗೆ ಬರಬಹುದು. ಎಂಜಿನ್ ಮಿತಿಮೀರಿ ಕಾದಿದೆಯೆಂದು ಸಂವೇದಕ ತಿಳಿಸಿದರೆ, ಅದರ ಹೊರೆಯನ್ನು ತಗ್ಗಿಸಲು ಗಣಕ ಕಂಪ್ರೆಸರನ್ನು ನಿಲ್ಲಿಸಿಬಿಡುತ್ತದೆ. ಸಂವೇದಕ ಹೇಳಿದ್ದು ಸುಳ್ಳಾದರೂ ಅಷ್ಟೆ. ಆದ್ದರಿಂದ "ಮುಳ್ಳೂ ಏರಿದೆ, ತಂಪೂ ನಿಂತಿದೆ, ಅಂದ ಮೇಲೆ ಎಂಜಿನ್ ಕಾದಿರಲೇಬೇಕು" ಎಂಬ ತರ್ಕ ನಿಲ್ಲುವುದಿಲ್ಲ. ಬಹುಪಾಲು ಹೊಸ ಕಾರುಗಳಲ್ಲಿ ಇವು ಎರಡು ಸಾಕ್ಷಿಗಳಲ್ಲ. ಒಬ್ಬನೇ ಸಾಕ್ಷಿಯ ಮಾತು ಎರಡು ಬಾಯಿಂದ ಬಂದದ್ದು.

ಬೇರೊಂದು ಸಾಕ್ಷಿ ಕಾರಿನೊಳಗೇ ಇದೆ: ಚಳಿಗಾಲಕ್ಕೆಂದು ಇಟ್ಟ ಹೀಟರು. ಎಂಜಿನ್ನಿನ ತಂಪುದ್ರವವೇ ಅದರೊಳಗೂ ಹರಿಯುವುದರಿಂದ ಅದು ವಿದ್ಯುತ್ ಸಂವೇದಕದ ಹಂಗಿಲ್ಲದ ಉಷ್ಣಮಾಪಕ. ಮುಳ್ಳು ಕೆಂಪಿನಲ್ಲಿರುವಾಗ ಹೀಟರಿನಿಂದ ಸುಡುವ ಗಾಳಿ ಬಂದರೆ ದ್ರವ ಬಿಸಿಯಾಗಿರುವುದು ನಿಜ. ಎಷ್ಟು ಬಿಸಿಯೆಂಬುದನ್ನು ಮಾತ್ರ ಅದು ಹೇಳದು. ತಣ್ಣನೆಯ ಗಾಳಿ ಬಂದರೆ ನಿಶ್ಚಿಂತರಾಗುವಂತಿಲ್ಲ. ಸಂವೇದಕದ ಸುಳ್ಳೂ ಇರಬಹುದು, ದ್ರವ ಸೋರಿ ಹರಿವೇ ನಿಂತಿರಬಹುದು. ಎರಡನೆಯದು ಅತ್ಯಂತ ಅಪಾಯದ ಸ್ಥಿತಿ. ದ್ರವ ಪೂರಾ ಸೋರಿದಾಗ ಸಂವೇದಕ ಬರಿಯ ಗಾಳಿಯಲ್ಲಿ ನಿಲ್ಲುತ್ತದೆ. ಗಾಳಿ ದ್ರವದಷ್ಟು ಚೆನ್ನಾಗಿ ಶಾಖವನ್ನು ಒಯ್ಯದು. ಎಂಜಿನ್ ಸುಡುತ್ತಿರುವಾಗಲೇ ಮುಳ್ಳು ಕೆಳಗಿಳಿಯಬಹುದು. ಏರಿದ್ದ ಮುಳ್ಳು ತಾನಾಗಿ ಇಳಿಯಿತೆಂದು ಸಂತೋಷಪಟ್ಟು ಓಡಿಸಿದವರ ಎಂಜಿನ್ನುಗಳೇ ಹೆಚ್ಚು ಹಾಳಾಗುವುದು.

ತಣಿದ ಎಂಜಿನ್ನಿನಿಂದ ಕಳಚಿದ ಸಂವೇದಕವನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿಯೇ ಪರೀಕ್ಷಿಸಬಹುದು. ನೀರಿನಲ್ಲಿ ಅದರ ತುದಿಯನ್ನು ಅದ್ದಿ, ಓಮ್ ಮಾಪಕವನ್ನು ಜೋಡಿಸಿ, ನಿಧಾನವಾಗಿ ಕಾಯಿಸುತ್ತ ಹತ್ತು ಡಿಗ್ರಿಗೊಮ್ಮೆ ರೋಧವನ್ನು ಬರೆದುಕೊಂಡರೆ ಇಳಿಯುವ ವಕ್ರರೇಖೆ ದೊರೆಯುತ್ತದೆ. ನಡುವೆ ಜಿಗಿತ ಕಂಡರೆ ಸಂವೇದಕವನ್ನು ಎಸೆಯಬಹುದು. ಒಂದು ಎಚ್ಚರಿಕೆ: ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಮಂಗಳೂರಿನವರ ಅಂಕಿಗೂ ಇಲ್ಲಿನವರದಕ್ಕೂ ಕೊನೆಯಲ್ಲಿ ತುಸು ವ್ಯತ್ಯಾಸ ಬಂದರೆ ಸಂವೇದಕವನ್ನು ದೂರಬಾರದು.

ದಾರಿಯಲ್ಲಿ ಮಾತ್ರ ಪ್ರಯೋಗಕ್ಕೆ ಅವಕಾಶವಿಲ್ಲ. ಹವಾನಿಯಂತ್ರಕವನ್ನು ಆರಿಸಿ, ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ನನ್ನೂ ಆರಿಸಬೇಕು. ರೇಡಿಯೇಟರಿನ ಮುಚ್ಚಳವನ್ನು ಮುಟ್ಟಬಾರದು. ಮುಚ್ಚಳದ ಒತ್ತಡದಿಂದಾಗಿ ಒಳಗಣ ದ್ರವ 110 ಡಿಗ್ರಿಯಲ್ಲೂ ಕುದಿಯದೆ ಇರಬಲ್ಲುದು. ಅದು ಬರಿಯ ನೀರೆಂದೇ ಇಟ್ಟುಕೊಂಡು, ಬೆಂಗಳೂರಿನ ಎತ್ತರದಲ್ಲಿ ಮುಚ್ಚಳ ತೆರೆದೊಡನೆ 97 ಡಿಗ್ರಿಗೆ ಇಳಿಯುವುದಾದರೆ, ಉಳಿದ 13 ಡಿಗ್ರಿಗಳ ಶಾಖ ಪ್ರತಿ ಲೀಟರಿನಲ್ಲಿ ಸುಮಾರು 24 ಗ್ರಾಮ್ ನೀರನ್ನು ಒಮ್ಮೆಲೇ ಆವಿಯಾಗಿಸುತ್ತದೆ. ಆ 24 ಗ್ರಾಮ್ ಆವಿಗೆ ಬೇಕಾದ ಜಾಗ ಸುಮಾರು 45 ಲೀಟರ್. ಕುದಿನೀರನ್ನೂ ಹೊತ್ತುಕೊಂಡು ಅದು ಹೊರಬರುವುದು ಮುಚ್ಚಳ ತೆರೆದವನ ಮುಖದ ಕಡೆಗೇ.