ಹೊಲದಾಗ ನಿಂತು ಹೊರಳಿ ನೋಡಿದರೆ

ಎಳ್ಳಮಾವಾಸ್ಯೆಯ ಮಧ್ಯಾಹ್ನ ಬೀದರ್ ಜಿಲ್ಲೆಯ ಚಿಂತಾಕಿ ಸುತ್ತಿನ ಹಳ್ಳಿಗಳಿಗೆ ನೆಂಟರು ಹೋದರೆ ಕೀಲಿ ಹಾಕಿದ ಬಾಗಿಲೇ ಸ್ವಾಗತ. ಮಾರ್ಗಶಿರದ ಈ ಅಮಾವಾಸ್ಯೆಗೆ ಔರಾದ, ಭಾಲ್ಕಿ ಕಡೆಯ ಊರಿಗೆ ಊರೇ ಹೊಲಕ್ಕೆ ಹೊರಡುತ್ತದೆ. ಗಡಿಯಾಚೆ ಲಾತೂರಿನಲ್ಲೂ ಇದೇ ಸಂಭ್ರಮ. ತಲೆಯ ಮೇಲಿನ ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಭಜ್ಜಿ, ಗಡಿಗೆಯಲ್ಲಿ ಅಂಬಲಿ. ಇಲ್ಲಿನ ಭಜ್ಜಿ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ತೊಗರಿ, ಕಡಲೆ, ಅವರೆಕಾಳು, ಮೆಂತ್ಯೆ, ಪಾಲಕ, ಬದನೆಕಾಯಿ, ಹೊಲ ಆ ವಾರ ಕೊಟ್ಟದ್ದನ್ನೆಲ್ಲ ಕೂಡಿಸಿ, ಕಡಲೆಹಿಟ್ಟು ಬೆರೆಸಿ ಕುದಿಸಿದ ಗಟ್ಟಿ ಪಲ್ಯ.

ಸುಮ್ಮನೆ ಅಡ್ಡಾಡಲು ಹೋಗುವ ರೂಢಿ ನಮ್ಮಲ್ಲಿಲ್ಲ. ನಡೆಯಲಿಕ್ಕೂ ನೆಪ ಬೇಕು. ಡಾಂಬರು ಬಿಟ್ಟು ಬದು ಹಿಡಿದರೆ ಬಿರುಕು ಬಿಟ್ಟ ಎರೆ ನೆಲ, ಒಂದು ಕಡೆ ಕಡಲೆ, ಇನ್ನೊಂದು ಕಡೆ ಬಿಳಿಜೋಳ. ಮುಂಗಾರಿನ ಸೋಯಾ, ಉದ್ದು, ಹೆಸರು ಆಗಲೇ ಬಜಾರು ಸೇರಿವೆ. ಹೊಲ ತಲುಪಿದ ಮೇಲೆ ದಂಟಿನ ಕೊಂಪೆ, ಸುಣ್ಣ ಹಚ್ಚಿದ ಐದು ಕಲ್ಲಿನ ಪಾಂಡವರು, ಪೂಜೆ, ಬೆಳೆಯ ತುಂಬ ನೈವೇದ್ಯ ಚೆಲ್ಲುವ ಚರಗ. ಆಮೇಲೆ ಊಟ. ಊಟವಾದ ಮೇಲೆ ಮಾಡಲು ಏನೂ ಇರುವುದಿಲ್ಲ. ಆಗಲೇ ಜನ ಊರ ಕಡೆ ಮುಖ ಮಾಡಿ ಕೂಡುವುದು.

ವರ್ಷವಿಡೀ ಹೊಲಕ್ಕೆ ಬರುವವರು ಕೆಲಸ ನೋಡುತ್ತಾರೆ, ಊರು ನೋಡುವುದಿಲ್ಲ. ಈ ದಿನ ಮಾತ್ರ ಮಕ್ಕಳು “ನಮ್ಮ ಮನಿ ಯಾವುದು?” ಎಂದು ಬೆರಳು ಚಾಚುತ್ತವೆ. ಮೊದಲು ಉತ್ತರ ಸುಲಭವಿರಲಿಲ್ಲ. ಮಾಳಿಗೆ ಮನೆಗಳ ಗೋಡೆಯೂ ಮಣ್ಣು, ಮೇಲ್ಮುದ್ದೆಯೂ ಮಣ್ಣು. ದೂರದಿಂದ ಊರೆಂದರೆ ನೆಲವೇ ತುಸು ಉಬ್ಬಿದಂತೆ. ಗುಡಿಯ ಶಿಖರ, ಹುಣಸೆ ಮರ, ಮನೆ ಮಗ್ಗುಲಿನ ಬೇವು, ಇವೇ ಗುರುತು. ಈಗ ನೀರಿನ ಟಾಕಿ, ಮೊಬೈಲ್ ಟವರ್ ಮೊದಲು ಕಣ್ಣಿಗೆ ಬೀಳುತ್ತವೆ. ನಡುನಡುವೆ ಹಳದಿ, ನೀಲಿ, ಗುಲಾಬಿ ಆರ್‌ಸಿಸಿ ಮನೆಗಳು. ಯಾರ ಮಗ ಹೊರಗೆ ದುಡಿಯುತ್ತಿದ್ದಾನೆಂದು ಹೊಲದಿಂದಲೇ ಹೇಳಬಹುದು. ಈ ಬಣ್ಣಗಳನ್ನು ಕಂಡು ಮೂಗು ಮುರಿಯುವವರ ಜೊತೆ ನಾನಿಲ್ಲ. ಮಾಳಿಗೆಯ ತಂಪನ್ನು ಹೊಗಳುವವರು ಶ್ರಾವಣದ ಜಡಿಮಳೆಯಲ್ಲಿ ಅದರ ಕೆಳಗೆ ಬೋಗುಣಿ ಇಟ್ಟವರಲ್ಲ.

ಹೊರಗಿನ ಆ ದುಡಿಮೆ ಬಹುಪಾಲು ಹೈದರಾಬಾದಿನದು. 1956ರಲ್ಲಿ ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು, ಸರ್ಕಾರಿ ಕಾಗದ ಬೆಂಗಳೂರಿಗೆ ಹೋಗತೊಡಗಿತು. ಹೊಟ್ಟೆಪಾಡು ಮಾತ್ರ ಹಳೆಯ ದಾರಿ ಬಿಡಲಿಲ್ಲ. ಬೀದರ್‌ನಿಂದ ಹೈದರಾಬಾದ್ ಸುಮಾರು 140 ಕಿ.ಮೀ., ಬೆಂಗಳೂರು 700ರ ಆಸುಪಾಸು. ದೀಪಾವಳಿಗೆ ರಜೆ ಸಿಗದವರೂ ಈ ಅಮಾವಾಸ್ಯೆಗೆ ಹೇಗಾದರೂ ಬಸ್ಸು ಹತ್ತುತ್ತಾರೆ. ತಮ್ಮ ಮನೆಯನ್ನು ಹೆಚ್ಚು ಹೊತ್ತು ನೋಡುವವರೂ ಅವರೇ.

ಪಕ್ಕದ ಹೊಲದಲ್ಲಿ ಅಂಥ ಒಬ್ಬ ಮಗ ಹಳೇ ಮನೆ ಕೆಡವುವ ಮಾತು ತೆಗೆದಿದ್ದ. ತಂದೆಯ ತಕರಾರು ಮನೆಗಲ್ಲ.

“ಯಾವ ಬಣ್ಣರ ಹಚ್ಚು. ಬೇವಿನ ಗಿಡ ಕಡೀಬ್ಯಾಡ.”

“ಪಾಯದಾಗೇ ಬರ್ತದಲ್ಲಪ್ಪಾ ಅದು.”

“ಹಂಗಾರ ಪಾಯ ಸರಸು.”

ಬದುವಿನ ಎರಡೂ ಬದಿಯಿಂದ ಜನ ಪಂಚಾಯಿತಿಗೆ ಸೇರಿಕೊಂಡರು. ಅಂಬಲಿಯ ಗಡಿಗೆ ಬರಿದಾದರೂ ಅದು ಹರಿಯಲಿಲ್ಲ.