ನಲವತ್ತು ಲೀಟರಿಗೆ ಒಂದು ಸ್ಪಂಜು

ಅಕ್ವೇರಿಯಂ ಅಂಗಡಿಗೆ ಫಿಲ್ಟರ್ ಕೊಳ್ಳಲು ಹೋದವರು ಮೊದಲು ಕೇಳುವುದು ನೀರು ಎಷ್ಟು ತಿಳಿಯಾಗುತ್ತದೆ ಎಂದು. ಮೀನಿಗೆ ಅದು ಎರಡನೆಯ ಮಾತು. ಮೀನು ತನ್ನ ಕಿವಿರುಗಳಿಂದ ಹಗಲೂ ರಾತ್ರಿ ಅಮೋನಿಯಾ ಹೊರಹಾಕುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ. ತಳದ ಒಂದೊಂದು ಕಲ್ಲೂ ಕಾಣುವಷ್ಟು ತಿಳಿಯಾದ ನೀರಿನಲ್ಲೇ ಮೀನು ಉಸಿರುಗಟ್ಟಿ ಸಾಯಬಹುದು. ಆದ್ದರಿಂದ ಫಿಲ್ಟರಿನ ಮುಖ್ಯ ಕೆಲಸ ಕಸ ಹಿಡಿಯುವುದಕ್ಕಿಂತ ಹೆಚ್ಚಾಗಿ ಅಮೋನಿಯಾ ತಿನ್ನುವ ಸೂಕ್ಷ್ಮಜೀವಿಗಳಿಗೆ ಜಾಗ ಕೊಡುವುದು.

ಹೈದರಾಬಾದಿನ ನಾಚಾರಂ ಕಾರ್ಖಾನೆಗಳೂ ಅಪಾರ್ಟ್‌ಮೆಂಟುಗಳೂ ಒತ್ತೊತ್ತಾಗಿರುವ ಬಡಾವಣೆ. ಇಂಥ ಕಡೆ ಮನೆಯೊಳಗೆ ಜಾಗವಿರುವುದು ಚಿಕ್ಕ ತೊಟ್ಟಿಗೆ ಮಾತ್ರ. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿಯೆಂದರೆ ಸುಮಾರು 40 ಲೀಟರ್ ನೀರು. ಒಂದಷ್ಟು ಜಾವಾ ಫರ್ನ್, ಅನುಬಿಯಾಸ್, ನಾಲ್ಕು ಎಸಳು ವ್ಯಾಲಿಸ್ನೇರಿಯಾ, ಬೆರಳೆಣಿಕೆಯ ಪುಟ್ಟ ಮೀನು. ಈ ಅಳತೆಗೆ ನಾನು ಹಿಂದೆಮುಂದೆ ನೋಡದೆ ಹೇಳುವುದು ಸ್ಪಂಜ್ ಫಿಲ್ಟರ್. ಅದು ಅಗ್ಗ ಎಂಬುದು ಹಾಗೆ ಹೇಳಲು ಇರುವ ಕಾರಣಗಳಲ್ಲಿ ತೀರ ಚಿಕ್ಕದು.

ಮೊದಲು ನೀರಿನ ಮಾತು. ಹೈದರಾಬಾದಿನ ನಲ್ಲಿಗೆ ಬರುವುದು ದೂರದ ನದಿಗಳ ನೀರು. ಮಂಜೀರಾ ನಮ್ಮ ಬೀದರ್ ಜಿಲ್ಲೆಯನ್ನು ಹಾದು ಸಿಂಗೂರು ಜಲಾಶಯಕ್ಕೆ ಹೋದದ್ದು, ಕೃಷ್ಣೆ ಬಾಗಲಕೋಟೆ, ರಾಯಚೂರು ದಾಟಿ ನಾಗಾರ್ಜುನಸಾಗರ ಸೇರಿದ್ದು, ಜೊತೆಗೆ ಗೋದಾವರಿ. ಎಲ್ಲವೂ ಕ್ಲೋರಿನ್ ಬೆರೆಸಿಕೊಂಡೇ ಮನೆಗೆ ಬರುತ್ತವೆ. ನಲ್ಲಿ ನೀರು ಸಾಲದಾದಾಗ ಗ್ರಾನೈಟ್ ಬಂಡೆಯ ಬೋರ್‌ವೆಲ್ಲೇ ಗತಿ, ಆ ನೀರು ಸಾಮಾನ್ಯವಾಗಿ ಗಡಸು, ಪಿಎಚ್ ಕೂಡ ಹೆಚ್ಚಿರುವುದುಂಟು. ಅಮೋನಿಯಾದ ವಿಷ ಎಷ್ಟು ತೀಕ್ಷ್ಣವೆಂಬುದು ನೀರಿನ ಪಿಎಚ್ ಮೇಲೆ ನಿಂತಿದೆ. ಪಿಎಚ್ 7 ಇದ್ದು ಉಷ್ಣತೆ 25 ಡಿಗ್ರಿ ಇದ್ದರೆ ಒಟ್ಟು ಅಮೋನಿಯಾದಲ್ಲಿ ನಿಜವಾಗಿ ವಿಷಕಾರಿಯಾದ ರೂಪದ ಪಾಲು ನೂರಕ್ಕೆ ಸುಮಾರು 0.5ರಷ್ಟು ಮಾತ್ರ. ಪಿಎಚ್ 8ಕ್ಕೆ ಏರಿದರೆ ಅದು ನೂರಕ್ಕೆ 5ನ್ನು ದಾಟುತ್ತದೆ. ಉಷ್ಣತೆ ಏರಿದಂತೆ ಇನ್ನೂ ಹೆಚ್ಚು. ಗಡಸು ನೀರಿನಿಂದ ಒಂದು ಲಾಭವೂ ಇದೆ: ಅಮೋನಿಯಾ ತಿನ್ನುವ ಜೀವಿಗಳು ನೀರಿನ ಕ್ಷಾರತೆಯನ್ನು ಸವೆಸುತ್ತಾ ಹೋಗುತ್ತವೆ, ಗಡಸು ನೀರಿನಲ್ಲಿ ಅದು ಬೇಗ ಬತ್ತುವುದಿಲ್ಲ.

ಆ ಜೀವಿಗಳ ಕಥೆ ನನಗೆ ಬಹಳ ಇಷ್ಟ. ಕೆಲವು ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಬೇರೆ ಕೆಲವು ಆ ನೈಟ್ರೈಟನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ ಎಂದು 1890ರ ಸುಮಾರಿಗೆ ತೋರಿಸಿಕೊಟ್ಟವನು ರಷ್ಯಾದ ಸೆರ್ಗೆಯ್ ವಿನೋಗ್ರಾಡ್‌ಸ್ಕಿ. ಎರಡನೆಯ ಕೆಲಸ ನೈಟ್ರೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ್ದು ಎಂದು ಅಕ್ವೇರಿಯಂ ಪುಸ್ತಕಗಳು ದಶಕಗಳ ಕಾಲ ಬರೆದವು. 1998ರಲ್ಲಿ ಸಿಹಿನೀರಿನ ಅಕ್ವೇರಿಯಮ್ಮುಗಳನ್ನೇ ಪರೀಕ್ಷಿಸಿ ನೋಡಿದಾಗ ಅಲ್ಲಿ ಆ ಕೆಲಸ ಮಾಡುತ್ತಿದ್ದುದು ನೈಟ್ರೋಸ್ಪೈರಾ ಕುಲದವು. 2015ರಲ್ಲಿ ಇನ್ನೊಂದು ಅಚ್ಚರಿ. ಎರಡು ಹೆಜ್ಜೆಗಳನ್ನೂ ಒಂಟಿಯಾಗಿ ಮುಗಿಸುವ ನೈಟ್ರೋಸ್ಪೈರಾಗಳನ್ನು ಎರಡು ತಂಡಗಳು ನೇಚರ್ ಪತ್ರಿಕೆಯಲ್ಲಿ ಒಟ್ಟಿಗೇ ವರದಿ ಮಾಡಿದವು. ಒಂದು ತಂಡಕ್ಕೆ ಅವು ಸಿಕ್ಕಿದ್ದು ರಷ್ಯಾದ ಆಳವಾದ ತೈಲಬಾವಿಯ ಬಿಸಿನೀರಿನ ಕೊಳವೆಯಲ್ಲಿ. ಇನ್ನೊಂದಕ್ಕೆ, ಮೀನು ಸಾಕುವ ವ್ಯವಸ್ಥೆಯ ಫಿಲ್ಟರಿನಲ್ಲಿ!

ಇವು ನೀರಿನಲ್ಲಿ ತೇಲುತ್ತಾ ಬದುಕುವುದು ಕಡಿಮೆ. ಯಾವುದಾದರೂ ಮೈಗೆ ಅಂಟಿಕೊಂಡು ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಬೇಕಾದದ್ದು ಹೆಚ್ಚು ಮೇಲ್ಮೈ, ಬಿಡದೆ ಹರಿಯುವ ನೀರು, ಧಾರಾಳ ಆಮ್ಲಜನಕ. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ನಾಲ್ಕೂವರೆ ಗ್ರಾಂಗಿಂತ ಹೆಚ್ಚು ಆಮ್ಲಜನಕ ಖರ್ಚಾಗುತ್ತದೆ. ರಂಧ್ರಮಯವಾದ ಸ್ಪಂಜಿನ ತುಂಡು ಮೇಲ್ಮೈಯನ್ನು ಕೊಡುತ್ತದೆ. ಉಳಿದೆರಡನ್ನು ಏರ್ ಪಂಪಿನ ಗುಳ್ಳೆಗಳು ಕೊಡುತ್ತವೆ.

ಏರ್ ಪಂಪಿನೊಳಗೆ ಇರುವುದು ವಿದ್ಯುತ್ಕಾಂತ, ಅದರೆದುರು ಸೆಕೆಂಡಿಗೆ 50 ಸಲ ಅದುರುವ ಒಂದು ತೋಳು, ಅದು ಒತ್ತುವ ರಬ್ಬರಿನ ಪೊರೆ, ಇಷ್ಟೇ. ಗಾಳಿ ಸಣ್ಣ ಕೊಳವೆಯಲ್ಲಿ ಇಳಿದು ಸ್ಪಂಜಿನ ನಡುವಿನ ನಾಳದ ಬುಡದಲ್ಲಿ ಗುಳ್ಳೆಯಾಗಿ ಏಳುತ್ತದೆ. ಗುಳ್ಳೆ ಬೆರೆತ ನೀರು ಸುತ್ತಲಿನ ನೀರಿಗಿಂತ ಹಗುರ. ಹೊರಗಿನ ಭಾರದ ನೀರು ಸ್ಪಂಜಿನ ಮೂಲಕ ಒಳನುಗ್ಗಿ ಹಗುರಾದದ್ದನ್ನು ಮೇಲಕ್ಕೆ ತಳ್ಳುತ್ತದೆ. ಜರ್ಮನಿಯ ಗಣಿ ಎಂಜಿನಿಯರ್ ಕಾರ್ಲ್ ಲೋಷರ್ 1797ರಲ್ಲಿ ವಿವರಿಸಿದ ಉಪಾಯವಿದು. ನೀರು ಕಡಿಮೆಯಾದ ಬೋರ್‌ವೆಲ್ಲಿಗೆ ನಮ್ಮ ರೈತರು ಕೂರಿಸುವ ಕಂಪ್ರೆಸರ್ ಪಂಪಿನದೂ ಇದೇ ತತ್ವ. ನೀರೊಳಗೆ ತಿರುಗುವ, ಸವೆಯುವ ಭಾಗ ಒಂದೂ ಇಲ್ಲ. ನಾಳ ಉದ್ದವಾಗಿದ್ದಷ್ಟೂ ಎಳೆತ ಹೆಚ್ಚು, ಆದ್ದರಿಂದ ಸ್ಪಂಜು ತೊಟ್ಟಿಯ ತಳದಲ್ಲಿರಲಿ, ನಾಳದ ಬಾಯಿ ನೀರಿನ ಮೇಲ್ಮಟ್ಟಕ್ಕೆ ತಾಗುವಂತಿರಲಿ.

ಎಳೆತ ಮೆಲ್ಲಗಿರುವುದರಿಂದ ಮರಿಗಳಿಗೆ ಭಯವಿಲ್ಲ. ನಾಚಾರಂ ಪಕ್ಕದ ಹಬ್ಸಿಗುಡದಲ್ಲಿರುವ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ಸಂಶೋಧಕರು ಬಳಸುವ ಜೀಬ್ರಾ ಮೀನನ್ನೇ ತೆಗೆದುಕೊಳ್ಳಿ, ಮೊಟ್ಟೆಯೊಡೆದು ಬಂದ ಅದರ ಮರಿ ನಾಲ್ಕು ಮಿಲಿಮೀಟರೂ ಇರುವುದಿಲ್ಲ. ಮೋಟಾರ್ ಫಿಲ್ಟರಿನ ಬಾಯಿಗೆ ಅದು ಒಂದು ತುತ್ತೂ ಅಲ್ಲ. ಸ್ಪಂಜಿನ ಮೈಮೇಲೋ ಮರಿಗಳೂ ಸೀಗಡಿಗಳೂ ಕೂತು ಮೇಯುತ್ತವೆ. 

ಕರೆಂಟು ಹೋದಾಗ ಸ್ಪಂಜಿನ ಗುಣ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮುಚ್ಚಿದ ಡಬ್ಬಿಯ ಕ್ಯಾನಿಸ್ಟರ್ ಫಿಲ್ಟರ್ ನಿಂತರೆ ಒಳಗಿನ ಜೀವಿಗಳು ಅಲ್ಲಿದ್ದ ಆಮ್ಲಜನಕ ಮುಗಿಸಿ ತಾವೇ ಸಾಯತೊಡಗುತ್ತವೆ. ಕರೆಂಟು ಬಂದೊಡನೆ ಆ ಕೊಳೆತ ನೀರು ಮೀನಿನ ಮೇಲೆ ಬಂದು ಬೀಳುತ್ತದೆ. ಸ್ಪಂಜು ತೊಟ್ಟಿಯ ನೀರಿನ ನಡುವೆ ಬಯಲಾಗಿ ನಿಂತಿರುವುದರಿಂದ ಹೆಚ್ಚು ಹೊತ್ತು ತಾಳುತ್ತದೆ. ಪವರ್‌ಬ್ಯಾಂಕಿಗೆ ಸಿಕ್ಕಿಸುವ ಪುಟ್ಟ ಯುಎಸ್‌ಬಿ ಪಂಪ್ ಇದ್ದರೆ ಗುಳ್ಳೆ ನಿಲ್ಲುವುದೂ ಇಲ್ಲ. ಮೇ ತಿಂಗಳಲ್ಲಿ ಇದು ಪ್ರಾಣದ ಪ್ರಶ್ನೆ. 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು, 35 ಡಿಗ್ರಿಯದು 7ಕ್ಕೂ ಕಡಿಮೆ. ರಾತ್ರಿ ಗಿಡಗಳೂ ಆಮ್ಲಜನಕವನ್ನೇ ಎಳೆದುಕೊಳ್ಳುತ್ತವೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಬೇಕು, ಇಲ್ಲವೇ ಕೊಳವೆಗೆ ಚೆಕ್ ವಾಲ್ವ್ ಹಾಕಬೇಕು. ಗಾಳಿ ನಿಂತಾಗ ನೀರು ಕೊಳವೆಯಲ್ಲಿ ಹಿಂದೆ ಹರಿದು ಪಂಪಿಗಿಳಿಯಬಲ್ಲದು.

ಗುಳ್ಳೆ ಇಂಗಾಲದ ಡೈಆಕ್ಸೈಡನ್ನು ಓಡಿಸುತ್ತದೆ, ಗಿಡ ಬಡವಾಗುತ್ತದೆ ಎನ್ನುವವರಿದ್ದಾರೆ. ಸಿಲಿಂಡರಿನಿಂದ ಆ ಅನಿಲವನ್ನು ನೀರಿಗೆ ಬಿಡುವ ತೊಟ್ಟಿಯಲ್ಲಿ ಅದು ನಿಜ, ಅಂಥವರು ಬೇರೆ ಫಿಲ್ಟರನ್ನೇ ಆರಿಸಲಿ. ಸಿಲಿಂಡರಿಲ್ಲದ ತೊಟ್ಟಿಯಲ್ಲಿ ಬೆಳಕಿನ ಹೊತ್ತು ಗಿಡಗಳೇ ಅದನ್ನು ಗಾಳಿಯ ಮಟ್ಟಕ್ಕಿಂತ ಕೆಳಗಿಳಿಸಬಲ್ಲವು. ಆಗ ಅದೇ ಗುಳ್ಳೆ ಆ ಅನಿಲವನ್ನು ಹೊರಗಿನಿಂದ ಒಳಕ್ಕೆ ತರುತ್ತದೆ. ಜಾವಾ ಫರ್ನ್, ಅನುಬಿಯಾಸ್ ಅಷ್ಟರಲ್ಲೇ ನೆಮ್ಮದಿಯಾಗಿ ಬೆಳೆಯುತ್ತವೆ. ಹಲವು ಜಲಸಸ್ಯಗಳು ನೈಟ್ರೇಟಿಗಿಂತ ಅಮೋನಿಯಂ ಅನ್ನೇ ಮೊದಲು ಹೀರುತ್ತವೆಂದು ಡಯಾನಾ ವಾಲ್‌ಸ್ಟಡ್ ಅಕ್ವೇರಿಯಂ ಗಿಡಗಳ ಕುರಿತ 1999ರ ತಮ್ಮ ಪುಸ್ತಕದಲ್ಲಿ ವಿಸ್ತಾರವಾಗಿ ವಾದಿಸಿದ್ದಾರೆ. ಗಿಡವಿರುವ ತೊಟ್ಟಿಯಲ್ಲಿ ಸ್ಪಂಜಿನ ಅರ್ಧ ಕೆಲಸ ಎಲೆಗಳ ಪಾಲಾಗುತ್ತದೆ. ಚಿಕ್ಕ ಸ್ಪಂಜು ಸಾಕಾಗುವುದು ಅದಕ್ಕೇ.

ತೊಳೆಯುವುದರಲ್ಲಿ ಮಾತ್ರ ಎಚ್ಚರ ಬೇಕು. ನಾಳದಿಂದ ಬರುವ ನೀರಿನ ಹರಿವು ಕುಂದಿದಾಗ, ನೀರು ಬದಲಿಸಲು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಸ್ಪಂಜನ್ನು ನಾಲ್ಕು ಸಲ ಹಿಂಡಿದರೆ ಮುಗಿಯಿತು. ನಲ್ಲಿಯ ಕೆಳಗೆ ಹಿಡಿದರೆ ಕ್ಲೋರಿನ್ ವಾರಗಳ ಬೆಳವಣಿಗೆಯನ್ನು ಕೊಲ್ಲುತ್ತದೆ. ಹೊಸ ಸ್ಪಂಜಿನಲ್ಲಿ ಜೀವಿಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹಳೆಯ ಸ್ಪಂಜು ಸವೆದು ಹರಿದುಹೋಗುವಂತಾಗಿದೆ ಎಂದು ಕಂಡಾಗಲೇ ಪಕ್ಕದಲ್ಲಿ ಹೊಸದನ್ನೂ ಓಡಿಸಲು ಶುರುಮಾಡಬೇಕು. ಹಾಲಿಗೆ ಹೆಪ್ಪು ಹಾಕಿದಂತೆ, ಹಳೆಯದರ ಜೀವಿಗಳು ಹೊಸದಕ್ಕೆ ಹತ್ತುತ್ತವೆ. ಒಂದೂವರೆ ತಿಂಗಳ ನಂತರ ಹಳೆಯದನ್ನು ತೆಗೆಯಬಹುದು.