ನೆಪ ಬೇರೆ, ಕಾರಣ ಬೇರೆ

ಸಾವಿನ ಮನೆಗೆ ಪ್ರಾರ್ಥನೆಗೆಂದು ಹೋದಾಗ ನಾವು ಪದೇ ಪದೇ ಕೇಳುವ ಮಾತೊಂದಿದೆ. “ಏನೂ ಆಗಿರಲಿಲ್ಲ ಫಾದರ್, ರಾತ್ರಿ ಊಟ ಮಾಡಿ ಮಲಗಿದ್ದರು.” ಆಮೇಲೆ ಬಂಧುಗಳು ಕಾರಣ ಹುಡುಕತೊಡಗುತ್ತಾರೆ. ಜಮೀನಿನ ತಂಟೆ ಎಂದು ಒಬ್ಬರು, ಮಗಳ ಮದುವೆಯ ಸಾಲ ಎಂದು ಇನ್ನೊಬ್ಬರು, ಗಲ್ಫಿನಿಂದ ಬಂದ ಒಂದು ಫೋನ್ ಕರೆ ಎಂದು ಮತ್ತೊಬ್ಬರು. ಅಂತಹ ಒಂದು ಮನೆಯ ಗೋಡೆಗೂಡಿನಲ್ಲಿ ರಕ್ತದೊತ್ತಡದ ಮಾತ್ರೆಗಳ ಪಟ್ಟಿಯೊಂದು ನಮ್ಮ ಕಣ್ಣಿಗೆ ಬಿತ್ತು. ಎರಡು ಮಾತ್ರೆ ಮಾತ್ರ ಖರ್ಚಾಗಿದ್ದವು. “ಆರಾಮ ಅನಿಸಿತು, ಬಿಟ್ಟುಬಿಟ್ಟರು” ಎಂದರು ಮನೆಯವರು.

ಒಂದು ಘಟನೆಯ ಹಿಂದಿನ ಗಳಿಗೆಯಲ್ಲಿ ನಡೆದುದನ್ನೇ ಅದರ ಕಾರಣವೆಂದು ಭ್ರಮಿಸಬಾರದೆಂಬುದು ತತ್ತ್ವಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು. ಮಳೆಗಾಲದ ಮೊದಲ ಗಾಳಿಗೆ ಮರವೊಂದು ಉರುಳಿದಾಗ ನಾವು ಗಾಳಿಯನ್ನು ದೂರುತ್ತೇವೆ. ಆದರೆ ಗೆದ್ದಲು ಹತ್ತಾರು ವರ್ಷಗಳಿಂದ ಆ ಮರದ ತಿರುಳನ್ನು ತಿಂದಿರುತ್ತದೆ. ಗಾಳಿ ನೆಪ, ಗೆದ್ದಲು ಕಾರಣ. ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ವಿಷಯದಲ್ಲಿಯೂ ಇದೇ ಸತ್ಯ.

ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡಾಗ ಜನರಿಗೆ ಅದು ಆಕಸ್ಮಿಕವೆನಿಸಿತು. ವಾಸ್ತವವಾಗಿ ಅವರ ರಕ್ತದೊತ್ತಡ ವರ್ಷಗಳಿಂದ ಏರುತ್ತಲೇ ಇತ್ತು. ಮೂರು ವರ್ಷಗಳ ತರುವಾಯ, 1948ರಲ್ಲಿ, ಆ ದೇಶದ ಫ್ರಾಮಿಂಗ್‌ಹ್ಯಾಮ್ ಎಂಬ ಪಟ್ಟಣದಲ್ಲಿ 5,209 ಸ್ತ್ರೀಪುರುಷರ ಆರೋಗ್ಯವನ್ನು ದೀರ್ಘಕಾಲ ಗಮನಿಸುವ ಅಧ್ಯಯನವೊಂದು ಆರಂಭವಾಯಿತು. ಏರಿದ ರಕ್ತದೊತ್ತಡ, ರಕ್ತದಲ್ಲಿನ ಕೊಬ್ಬು, ಧೂಮಪಾನ, ಸಕ್ಕರೆ ಕಾಯಿಲೆ ಇವು ಕಾಯಿಲೆಗೆ ವರ್ಷಗಳ ಮುಂಚಿನಿಂದಲೇ ದಾರಿ ಮಾಡುತ್ತವೆಂಬುದು ಅಲ್ಲಿ ತಿಳಿದುಬಂತು. ಭಾರತವೂ ಸೇರಿದಂತೆ 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಈ ಪಟ್ಟಿಗೆ ಹೊಟ್ಟೆಯ ಬೊಜ್ಜು, ವ್ಯಾಯಾಮದ ಅಭಾವ, ಹಣ್ಣು ತರಕಾರಿಗಳ ಕೊರತೆ, ಮನಸ್ಸಿನ ದೀರ್ಘಕಾಲದ ಒತ್ತಡ ಮುಂತಾದವುಗಳನ್ನು ಸೇರಿಸಿತು. ಚಿಂತೆಯೂ ಒಂದು ಕಾರಣವೇ ಸರಿ. ಆದರೆ ಅದೊಂದೇ ಕಾರಣವಲ್ಲ.

ಇವೆಲ್ಲ ಮಾಡುವ ಕೆಲಸ ಒಂದೇ ಬಗೆಯದು. ರಕ್ತನಾಳದ ಒಳಗೋಡೆ ಕೆಡುತ್ತದೆ, ಅಲ್ಲಿ ಕೊಬ್ಬು ಶೇಖರವಾಗುತ್ತದೆ, ಒಂದು ದಿನ ಅದು ಒಡೆದು ರಕ್ತ ಹೆಪ್ಪುಗಟ್ಟುತ್ತದೆ. ಹೃದಯದ ನಾಳ ಮುಚ್ಚಿದರೆ ಹೃದಯಾಘಾತ. ಮಿದುಳಿನ ನಾಳ ಮುಚ್ಚಿದರೆ ಅಥವಾ ಒಡೆದರೆ ಪಾರ್ಶ್ವವಾಯು. ಅಲ್ಲಿಯವರೆಗೆ ನೋವಿಲ್ಲ, ಜ್ವರವಿಲ್ಲ. ಆದುದರಿಂದಲೇ “ಆರಾಮ ಅನಿಸಿತು” ಎಂಬ ಮಾತು ಅಪಾಯಕಾರಿ.

ನಮ್ಮ ಅಘನಾಶಿನಿಯ ಸೀಮೆ ಉಪ್ಪಿನ ಸೀಮೆ. ಸಾಣಿಕಟ್ಟಾದ ಉಪ್ಪಿನ ಗದ್ದೆಗಳು ತಲೆಮಾರುಗಳಿಂದ ಜನರಿಗೆ ಅನ್ನ ಕೊಟ್ಟಿವೆ. ಆ ದುಡಿಮೆಗೆ ನಮ್ಮ ಗೌರವವಿದೆ. ಆದರೆ ಮಳೆಗಾಲದ ಗಂಜಿಗೆ ಒಣಮೀನು, ಜೊತೆಗೆ ಉಪ್ಪಿನಕಾಯಿ, ಸಂಜೆ ಬೇಕರಿಯ ತಿಂಡಿ ಎಂದು ಲೆಕ್ಕ ಹಾಕಿದರೆ ಎಷ್ಟು ಉಪ್ಪು ಒಳಗೆ ಹೋಯಿತು? ಒಬ್ಬರಿಗೆ ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಸುಮಾರು ಒಂದು ಚಹಾ ಚಮಚ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. “ನಮ್ಮ ಅಜ್ಜ ತಿನ್ನಲಿಲ್ಲವೇ?” ಎಂದು ಕೇಳುವವರಿದ್ದಾರೆ. ಅಜ್ಜನಿಗೂ ಲಕ್ವ ಹೊಡೆದಿರಬಹುದು, ರಕ್ತದೊತ್ತಡ ಅಳೆದವರಿರಲಿಲ್ಲ ಅಷ್ಟೆ. ಮೇಲಾಗಿ ಅಜ್ಜ ದಿನವಿಡೀ ಗದ್ದೆಯಲ್ಲಿ ಬೆವರು ಸುರಿಸಿದವರು. ನಾವು ಪೇಟೆಗೂ ಸ್ಕೂಟರ್ ಏರಿ ಹೋಗುವವರು. ಬೀಡಿ, ಸಿಗರೇಟು, ಎಲೆಯಡಿಕೆಯೊಡನೆ ಸೇರುವ ಹೊಗೆಸೊಪ್ಪು, ಹಬ್ಬ ಮದುವೆಗಳ ನೆಪದಲ್ಲಿ ಹರಿಯುವ ಮದ್ಯ ಇವುಗಳ ಬಗ್ಗೆಯೂ ಪ್ರತಿ ಮನೆಯಲ್ಲಿ ಪ್ರಾಮಾಣಿಕವಾದ ಮಾತುಕತೆ ನಡೆಯಬೇಕು.

ನಮಗೆ ಇದು ಇನ್ನಷ್ಟು ಮುಖ್ಯವಾಗಲು ದೂರವೂ ಒಂದು ಕಾರಣ. ಕುಮಟೆ, ಹೊನ್ನಾವರಗಳಿಂದ ಮಣಿಪಾಲಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಮೃತಪಟ್ಟುದನ್ನು ಯಾರೂ ಮರೆತಿಲ್ಲ. ದೊಡ್ಡ ಆಸ್ಪತ್ರೆಗಾಗಿ ಅಂದು ಜಿಲ್ಲೆಯ ಜನರು ಎತ್ತಿದ ದನಿ ನ್ಯಾಯವಾದುದು. ಆದರೆ ಆಸ್ಪತ್ರೆ ಎಷ್ಟೇ ಹತ್ತಿರವಿದ್ದರೂ ಅದು ಗೆದ್ದಲನ್ನು ತಡೆಯಲಾರದು. ಆ ಕೆಲಸ ಮನೆಯಲ್ಲೇ ಆಗಬೇಕು.

ಮೂವತ್ತು ದಾಟಿದ ಪ್ರತಿಯೊಬ್ಬರೂ ರಕ್ತದೊತ್ತಡ ಮತ್ತು ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಇದು ಸಾಧ್ಯ. ಒತ್ತಡವು 140/90 ಅಥವಾ ಅದಕ್ಕಿಂತ ಹೆಚ್ಚು ಕಂಡರೆ ವೈದ್ಯರ ಸಲಹೆ ಪಡೆಯಲಿ. ಅವರನ್ನು ಕೇಳದೆ ಮಾತ್ರೆ ಬಿಡಬಾರದು. ಎದೆ ಹಿಂಡಿದಂತಾಗಿ ಬೆವರು ಬಂದಾಗ “ಗ್ಯಾಸ್” ಎಂದು ಸೋಡಾ ಕುಡಿದು ಕೂರಬಾರದು. ತಕ್ಷಣ ತಾಲೂಕು ಆಸ್ಪತ್ರೆಗೆ ಹೋಗಿ ಇ.ಸಿ.ಜಿ. ಮಾಡಿಸಬೇಕು. ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಸೂಚನೆ. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. 108ಕ್ಕೆ ಕರೆ ಮಾಡಲು ಹಿರಿಯ ಮಗನ ಬರವನ್ನು ಕಾಯಬಾರದು.

ದೇವರು ಕರೆದುಕೊಂಡರು ಎಂಬ ಮಾತು ದುಃಖಿತರಿಗೆ ಸಾಂತ್ವನವಾದೀತು. ಆದರೆ ನಮ್ಮ ಅಲಕ್ಷ್ಯದ ಹೊಣೆಯನ್ನು ದೇವರ ಮೇಲೆ ಹೊರಿಸುವುದು ಭಕ್ತಿಯಲ್ಲ. ಇಂದು ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ನಿಮ್ಮ ಗೋಡೆಗೂಡಿನಲ್ಲಿರುವ ಮಾತ್ರೆಗಳನ್ನು ಒಮ್ಮೆ ಎಣಿಸಿ ನೋಡಿರಿ. ಐವತ್ತು ದಾಟಿದ ನಾವೂ ನಮ್ಮವನ್ನು ಎಣಿಸುತ್ತೇವೆ.